ಪ್ರೀಪೇಯ್ಡ್ ಸಿಮ್, ಯುರೋಪ್ ಪ್ರವಾಸದಲ್ಲಿ
ತಿಂಗಳ ಬಿಲ್ಲಿನ ಕರಾರಿಲ್ಲದೆ, ಮುಂಗಡವಾಗಿ ಹಣ ತೆತ್ತು ಪಡೆಯುವ ಮೊಬೈಲ್ ಸಂಪರ್ಕ. ರೋಮಿಂಗ್‌ಗೆ, ಅಂದರೆ ಅನ್ಯದೇಶದ ಜಾಲವನ್ನು ಬಳಸುವುದಕ್ಕೆ, ವಿಧಿಸುತ್ತಿದ್ದ ಹೆಚ್ಚುವರಿ ಶುಲ್ಕವನ್ನು ಐರೋಪ್ಯ ಒಕ್ಕೂಟವು 2017ರ ಜೂನ್ 15ರಿಂದ ರದ್ದುಪಡಿಸಿದ ಕಾರಣ, ಪ್ಯಾರಿಸ್‌ನಲ್ಲಿ ಕೊಂಡ ಸಿಮ್ ರೋಮ್, ವಿಯೆನ್ನಾಗಳಲ್ಲಿಯೂ ಸಾಮಾನ್ಯವಾಗಿ ಅದೇ ದರದಲ್ಲಿ ನಡೆಯುತ್ತದೆ. ಡೇಟಾಕ್ಕೆ ಮಾತ್ರ ಮಿತಿಯಿರಬಹುದು. ಸ್ವಿಟ್ಜರ್ಲೆಂಡ್ ಒಕ್ಕೂಟದ ಹೊರಗಿರುವುದರಿಂದ ಈ ಸೌಲಭ್ಯ ಅಲ್ಲಿ ಕಡ್ಡಾಯವಲ್ಲ. ರೈಲು ಗಡಿ ದಾಟುವ ಮೊದಲೇ ಸಿಮ್ಮಿನ ಷರತ್ತುಗಳನ್ನು ಓದಿಕೊಳ್ಳದವರ ಮುಂಗಡ ಹಣ ಬೇಗನೆ ಕರಗಿಹೋಗಬಹುದು. ಜರ್ಮನಿಯಲ್ಲಿ 2017ರ ಜುಲೈನಿಂದ ಪ್ರೀಪೇಯ್ಡ್ ಸಿಮ್ ಕೊಳ್ಳುವವರ ಗುರುತಿನ ಪರಿಶೀಲನೆ ಕಡ್ಡಾಯವಾದುದರಿಂದ ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ. ಬ್ಯಾಂಕಿನ ಒಟಿಪಿ, ಅಂದರೆ ಒಂದೇ ಬಾರಿಗೆ ಸಲ್ಲುವ ಗುಪ್ತಸಂಖ್ಯೆ, ಊರಿನ ನಂಬರಿಗೇ ಬರುವುದರಿಂದ ಭಾರತೀಯ ಪ್ರವಾಸಿಗರು ಎರಡು ಸಿಮ್ಮಿನ ಫೋನಿನಲ್ಲಿ ಹಳೆಯದನ್ನೂ ಉಳಿಸಿಕೊಂಡು, ಹೊರಡುವ ಮೊದಲೇ ಅದಕ್ಕೆ ಅಂತರರಾಷ್ಟ್ರೀಯ ರೋಮಿಂಗ್ ಪಡೆದು, ಡೇಟಾ ರೋಮಿಂಗನ್ನು ಮಾತ್ರ ಆಫ್ ಮಾಡಿಡುವುದು ಕ್ಷೇಮ.