ನಿತ್ಯಾಚಾರವೂ ಸಮಾಜದ ಏಣಿಯೂ

ಜಾತಿಪದ್ಧತಿಯು ಕಲ್ಲಿನಲ್ಲಿ ಕೊರೆದಿಟ್ಟ ಶಾಸನದಂತೆ ಅಚಲವಾದುದೆಂಬ ಭಾವನೆಯು ಪಂಡಿತರಲ್ಲಿಯೂ ಪಾಮರರಲ್ಲಿಯೂ ಬಹುಕಾಲದಿಂದ ನೆಲೆಗೊಂಡಿದ್ದಿತು. ಧರ್ಮಶಾಸ್ತ್ರಗಳನ್ನು ಓದಿದವರಿಗೆ ನಾಲ್ಕು ವರ್ಣಗಳು ಕಾಣುತ್ತಿದ್ದವು. ಪ್ರತಿಯೊಂದಕ್ಕೂ ಗೊತ್ತಾದ ಸ್ಥಾನ, ಗೊತ್ತಾದ ವೃತ್ತಿ. ಆದರೆ ಹಳ್ಳಿಯ ಜಗಲಿಯ ಮೇಲೆ ಕುಳಿತು ನೋಡುವವನಿಗೆ ತೋರುವ ಚಿತ್ರವೇ ಬೇರೆ. ಯಾರು ಯಾರ ಮನೆಯ ನೀರನ್ನು ಕುಡಿಯುವರು, ಯಾರು ಯಾರ ಪಂಕ್ತಿಯಲ್ಲಿ ಉಣ್ಣುವರು, ಯಾರು ಕುಳಿತಾಗ ಯಾರು ನಿಂತಿರುವರು ಎಂಬ ಸಣ್ಣ ಸಣ್ಣ ಆಚಾರಗಳಲ್ಲಿಯೇ ಅಲ್ಲಿ ಮೇಲು ಕೀಳುಗಳು ನಿರ್ಣಯವಾಗುತ್ತವೆ. ಅವುಗಳಲ್ಲಿಯೇ ಮೆಲ್ಲಮೆಲ್ಲನೆ ಬದಲಾಗುತ್ತಲೂ ಇರುತ್ತವೆ. ಗ್ರಂಥದ ನೋಟಕ್ಕಿಂತ ಈ ಕಣ್ಣೆದುರಿನ ನೋಟಕ್ಕೆ ಪ್ರಾಧಾನ್ಯವಿತ್ತು ಅದನ್ನು ಶಾಸ್ತ್ರದ ಪದವಿಗೆ ಏರಿಸಿದವರಲ್ಲಿ ಮೈಸೂರಿನ ಎಂ. ಎನ್. ಶ್ರೀನಿವಾಸರು ಅಗ್ರಗಣ್ಯರು.

ಶ್ರೀನಿವಾಸರು 1916ನೆಯ ಇಸವಿಯಲ್ಲಿ ಮೈಸೂರು ನಗರದಲ್ಲಿ ಜನಿಸಿದರು. ಅವರ ಮನೆಯ ಹಿಂದೆಯೇ ಬಂಡಿಕೇರಿಯೆಂಬ ಕುರುಬರ ಕೇರಿಯಿದ್ದಿತು. ಬ್ರಾಹ್ಮಣರ ಬೀದಿಯ ಬಾಲಕನಿಗೆ ಆ ಕೇರಿಯ ಮಾತು, ಊಟ, ಜಗಳ, ಮದುವೆಗಳೆಲ್ಲ ಬೇರೊಂದು ಲೋಕದವಾಗಿ ತೋರಿದವು. ಅನ್ಯಸಂಸ್ಕೃತಿಯ ಮೊದಲ ಪರಿಚಯ ತಮಗೆ ಅಲ್ಲಿಯೇ ಆಯಿತೆಂದು ಅವರು ಮುಂದೆ ಸ್ಮರಿಸಿರುವರು. ಮಹಾರಾಜಾ ಕಾಲೇಜಿನಲ್ಲಿ ಓದಿದ ತರುವಾಯ ಮುಂಬಯಿಯಲ್ಲಿ ಜಿ. ಎಸ್. ಘುರ್ಯೆಯವರ ಶಿಷ್ಯರಾಗಿ, ಮೈಸೂರು ಸೀಮೆಯ ವಿವಾಹ ಮತ್ತು ಕುಟುಂಬಗಳನ್ನು ಕುರಿತ ಗ್ರಂಥವನ್ನು 1942ರಲ್ಲಿ ಪ್ರಕಟಿಸಿದರು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ರ‍್ಯಾಡ್‌ಕ್ಲಿಫ್ ಬ್ರೌನರ ಬಳಿ ಅಭ್ಯಾಸಮಾಡಿದಾಗ, ಆಚಾರಗಳನ್ನು ಬಿಡಿಬಿಡಿಯಾಗಿ ಸಂಗ್ರಹಿಸಿದರೆ ಸಾಲದು, ಒಂದೊಂದು ಆಚಾರವೂ ಸಮಾಜವೆಂಬ ಇಡಿಯ ದೇಹದಲ್ಲಿ ಯಾವ ಕಾರ್ಯವನ್ನು ನಡೆಯಿಸುತ್ತಿರುವುದೆಂದು ಕೇಳಬೇಕು ಎಂಬ ದೃಷ್ಟಿಯು ಅವರಿಗೆ ದೊರೆಯಿತು.

ಆ ದೃಷ್ಟಿಯ ಫಲವೇ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಹೊರಬಂದ ಗ್ರಂಥ. ಅದರಲ್ಲಿ ಶ್ರೀನಿವಾಸರು ಒಂದು ಮಹತ್ತ್ವದ ಮಾತನ್ನು ಸ್ಥಾಪಿಸಿದರು. ಕೆಳಗಿನದೆನಿಸಿಕೊಂಡ ಜಾತಿಯೊಂದು ಮದ್ಯಮಾಂಸಗಳನ್ನು ತ್ಯಜಿಸಿ, ಮೇಲಿನವರ ವ್ರತ, ಸಂಸ್ಕಾರ, ದೇವತೆಗಳನ್ನು ಅಂಗೀಕರಿಸಿ, ಒಂದೆರಡು ತಲೆಮಾರುಗಳಲ್ಲಿ ಮೇಲಿನ ಮೆಟ್ಟಿಲಿಗೆ ಹಕ್ಕು ಹೇಳುವುದುಂಟು. ಜಾತಿಶ್ರೇಣಿಯ ನಡುವಣ ಭಾಗದಲ್ಲಿ ಇಂತಹ ಚಲನೆಯು ಎಂದಿನಿಂದಲೂ ಇದ್ದೇ ಇದ್ದಿತು. ಕೊಡಗಿನಲ್ಲಿಯೇ ಅಮ್ಮ ಕೊಡವರೆಂಬ ಚಿಕ್ಕ ಪಂಗಡವು ಮಾಂಸಾಹಾರವನ್ನು ಬಿಟ್ಟು, ಜನಿವಾರವನ್ನು ಧರಿಸಿ, ತನ್ನೊಳಗೇ ವಿವಾಹಸಂಬಂಧಗಳನ್ನು ಬೆಳೆಯಿಸಿ, ಮೂಲ ಸಮುದಾಯದಿಂದ ಬೇರ್ಪಟ್ಟುದು ಇದಕ್ಕೆ ನಿದರ್ಶನ. ಈ ಕ್ರಮಕ್ಕೆ ಸಂಸ್ಕೃತೀಕರಣವೆಂಬ ಹೆಸರು ಬಂದಿತು. ಅನುಕರಣೆಗೆ ಮಾದರಿಯಾಗುವವರು ಬ್ರಾಹ್ಮಣರೇ ಆಗಬೇಕೆಂಬ ನಿಯಮವಿಲ್ಲ, ಕ್ಷತ್ರಿಯರೋ ಸ್ಥಳದ ಬೇರಾವ ಪ್ರತಿಷ್ಠಿತರೋ ಆಗಬಹುದು; ಆದಕಾರಣ ಬ್ರಾಹ್ಮಣೀಕರಣವೆಂಬ ಮಾತು ಸಾಲದಾಯಿತು.

1948ರಲ್ಲಿ ಅವರು ಮೈಸೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ಬಿಡಾರಮಾಡಿ ತಿಂಗಳುಗಟ್ಟಲೆ ಇದ್ದರು. ಗ್ರಂಥಗಳಲ್ಲಿ ಅದಕ್ಕೆ ರಾಮಪುರವೆಂಬ ಕಲ್ಪಿತನಾಮವನ್ನಿತ್ತರು. ಅಲ್ಲಿ ಶೋಧಕನೂ ಶೋಧನೆಗೆ ಒಳಗಾದನು. ಸ್ನಾನವಾದ ಮೇಲೆ ಕ್ಷೌರಮಾಡಿಕೊಳ್ಳುವ ಅವರ ಪಟ್ಟಣದ ಅಭ್ಯಾಸವು ಊರವರ ಕಣ್ಣಿಗೆ ಬಿದ್ದಿತು. ಕ್ಷೌರವು ಮೈಲಿಗೆ, ಸ್ನಾನವು ಅನಂತರ ಆಗತಕ್ಕದ್ದು. ಬ್ರಾಹ್ಮಣನಾದವನಿಗೆ ಇದು ತಿಳಿಯದೆ? ಮೇಲಿನವರ ಆಚಾರವನ್ನು ಕಾಯುವವರಲ್ಲಿ ಕೆಳಗಿನವರೂ ಸೇರಿರುವರೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಕಲಿಸಲಾರದು.

ಆದರೆ ಆಚಾರವನ್ನು ಬದಲಿಸಿದ ಮಾತ್ರಕ್ಕೆ ಏಣಿಯು ಏರಿಸುವುದೆಂಬ ನಿಶ್ಚಯವಿಲ್ಲ. ಕಮ್ಮಾರ, ಅಕ್ಕಸಾಲಿ ಮೊದಲಾದ ಕುಶಲಕರ್ಮಿಗಳು ವಿಶ್ವಕರ್ಮ ಬ್ರಾಹ್ಮಣರೆಂದು ಕರೆದುಕೊಂಡು, ಜನಿವಾರ ಧರಿಸಿ, ಸಂಸ್ಕಾರಗಳನ್ನು ನಡೆಯಿಸಿಕೊಂಡು ಬಂದರೂ, ಆ ಕಾಲದ ಹಳ್ಳಿಗಳಲ್ಲಿ ಇತರ ಜಾತಿಗಳವರು ಅವರ ಕೈಯ ನೀರನ್ನು ಸ್ವೀಕರಿಸುತ್ತಿರಲಿಲ್ಲ. ಹಕ್ಕು ಹೇಳುವುದು ಒಬ್ಬರ ಕೈಯಲ್ಲಿದ್ದರೆ ಒಪ್ಪುವುದು ಮತ್ತೊಬ್ಬರ ಕೈಯಲ್ಲಿ. ಒಪ್ಪುವ ಅಧಿಕಾರವುಳ್ಳವರು ಯಾರೆಂಬ ಪ್ರಶ್ನೆಯಿಂದಲೇ ಶ್ರೀನಿವಾಸರ 'ಪ್ರಬಲ ಜಾತಿ'ಯೆಂಬ ವಿಚಾರವು ಅರ್ಥವತ್ತಾಗುತ್ತದೆ. ಜನಸಂಖ್ಯೆ, ಭೂಮಿ, ಅಧಿಕಾರಗಳು ಯಾರಲ್ಲಿ ಕೂಡಿರುವುವೋ ಅವರೇ ಊರಿನ ನಿಜವಾದ ಒಡೆಯರು. ರಾಮಪುರದಲ್ಲಿ ಆ ಸ್ಥಾನವು ಒಕ್ಕಲಿಗರದಾಗಿದ್ದಿತು, ಬ್ರಾಹ್ಮಣರದಲ್ಲ.

ಏಣಿಯ ಬುಡದಲ್ಲಿದ್ದವರ ಪಾಡು ಇನ್ನೂ ಕಠಿಣ. ಸಮೀಪದ ಒಂದು ಊರಿನಲ್ಲಿ ಅಸ್ಪೃಶ್ಯರೆನಿಸಿಕೊಂಡವರು ಸತ್ತ ದನವನ್ನು ಸಾಗಿಸುವುದು, ತಮಟೆ ಬಾರಿಸುವುದು ಮೊದಲಾದ ಬಿಟ್ಟಿಸೇವೆಗಳನ್ನು ನಿಲ್ಲಿಸಲು ನಿಶ್ಚಯಿಸಿದಾಗ, ಭೂಮಿಯುಳ್ಳವರು ಅವರನ್ನು ಹೊಡೆದು ಗುಡಿಸಲುಗಳಿಗೆ ಬೆಂಕಿಯಿಟ್ಟ ಸಂಗತಿಯನ್ನು ಶ್ರೀನಿವಾಸರು ದಾಖಲೆಮಾಡಿರುವರು. ನಡುವಣವರು ಆಚಾರವನ್ನು ಬದಲಿಸಿದರೆ ಅಪಹಾಸ್ಯ, ಬುಡದವರು ಬದಲಿಸಿದರೆ ಬೆಂಕಿ. ಚಲನೆಯ ಶಾಸ್ತ್ರದಲ್ಲಿ ಈ ಭೇದವನ್ನು ಮರೆತರೆ ಶಾಸ್ತ್ರವೇ ಅಪೂರ್ಣವಾಗುವುದು.

ಏರಿದ ಕುಲಗಳಲ್ಲಿಯೂ ಏರಿಕೆಯ ಬೆಲೆಯನ್ನು ಎಲ್ಲರೂ ಸಮನಾಗಿ ತೆರಲಿಲ್ಲ. ಹೊಲಗದ್ದೆಗಳಲ್ಲಿ ದುಡಿಯುತ್ತ, ಗಂಡ ಸತ್ತರೆ ಕೂಡಿಕೆಯಾಗುತ್ತ, ಹೊಂದದಿದ್ದರೆ ಬಿಡುಗಡೆ ಪಡೆಯುತ್ತ ಇದ್ದ ಹೆಂಗಸರು, ಮನೆತನವು ಪ್ರತಿಷ್ಠೆಗೆ ಹೊರಟೊಡನೆ ಆ ಸ್ವಾತಂತ್ರ್ಯಗಳನ್ನು ಕಳೆದುಕೊಂಡರು. ಸಂಸ್ಕೃತೀಕರಣವು ಸ್ತ್ರೀಯರ ವಿಷಯದಲ್ಲಿ ನಿಷ್ಠುರವಾಗುವುದೆಂದು ಶ್ರೀನಿವಾಸರೇ ಎತ್ತಿಹೇಳಿದರು. ತೆರ ತೆಗೆದುಕೊಳ್ಳುತ್ತಿದ್ದ ಕುಲಗಳು ವರದಕ್ಷಿಣೆ ಕೊಡುವ ಕುಲಗಳಾದ ದುರಂತವನ್ನು ಅವರು 1984ರ ಬರೆಹದಲ್ಲಿ ಚರ್ಚಿಸಿ, ಈ ವರದಕ್ಷಿಣೆಯು ಪ್ರಾಚೀನ ಧರ್ಮದ ಶೇಷವಲ್ಲ, ನಗದು ಸಂಬಳ, ಇಂಗ್ಲಿಷ್ ವಿದ್ಯೆ, ಸರಕಾರಿ ನೌಕರಿಗಳ ಕಾಲದಲ್ಲಿ ಹುಟ್ಟಿದ ಅನಿಷ್ಟವೆಂದು ವಾದಿಸಿದರು.

ಕಾಲಕ್ರಮದಲ್ಲಿ ಏಣಿಯ ದಿಕ್ಕೇ ಬದಲಾಯಿತು. 1901ರ ಜನಗಣತಿಯಲ್ಲಿ ಜಾತಿಗಳ ತಾರತಮ್ಯವನ್ನು ಗುರುತಿಸಲು ಸರಕಾರವು ಹೊರಟಾಗ, ತಮ್ಮನ್ನು ಮೇಲಿನ ವರ್ಣದಲ್ಲಿ ಬರೆಯಬೇಕೆಂದು ಅರ್ಜಿಗಳು ಬಂದವು. ಮೈಸೂರಿನಲ್ಲಿ 1918ರಲ್ಲಿ ಮಿಲ್ಲರ್ ಸಮಿತಿಯು ನೇಮಕವಾದ ಬಳಿಕ, ವಿದ್ಯೆ ಮತ್ತು ನೌಕರಿಯಲ್ಲಿ ಪಾಲು ಕೇಳುವುದಕ್ಕಾಗಿ ಹಿಂದುಳಿದವರೆಂದು ಹೇಳಿಕೊಳ್ಳುವುದೇ ನ್ಯಾಯದ ಮಾರ್ಗವಾಯಿತು. ಹೊಸ ದಾರಿ ಬಂದಿತೆಂದು ಹಳೆಯದು ಅಳಿಯಲಿಲ್ಲ. 1952ರಲ್ಲಿ ರಾಮಪುರದ ಹೊಲವನ್ನು ಮಟ್ಟಮಾಡಲು ಬಂದಿದ್ದ ಬುಲ್‌ಡೋಜರಿನ ಚಾಲಕನು ಹಗಲಲ್ಲಿ ಯಂತ್ರವನ್ನು ನಡೆಸಿ, ಬಿಡುವಿನಲ್ಲಿ ಮಂತ್ರವಿದ್ಯೆಯನ್ನು ತೋರುತ್ತಿದ್ದನು. ಅವೆರಡರ ನಡುವೆ ಅವನಿಗೆ ಯಾವ ವಿರೋಧವೂ ಕಾಣಲಿಲ್ಲ.

1970ನೆಯ ಏಪ್ರಿಲ್ 24ರಂದು ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳಿಟ್ಟ ಬೆಂಕಿಯಲ್ಲಿ, ರಾಮಪುರವನ್ನು ಕುರಿತು ವರ್ಷಗಟ್ಟಲೆ ಸಿದ್ಧಗೊಳಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಸೋಲ್ ಟ್ಯಾಕ್ಸರ ಸಲಹೆಯಂತೆ ಶ್ರೀನಿವಾಸರು ನೆನಪಿನಿಂದಲೇ ಬರೆಯತೊಡಗಿದರು; 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಪ್ರಕಟವಾಯಿತು. ಕೋಷ್ಟಕಗಳು ಹೋದುವು, ಮನುಷ್ಯರು ಉಳಿದರು. ಪಟೇಲನ ಗಾಂಭೀರ್ಯ, ಗೆಳೆತನ, ವೈರ, ಪರಿಹಾಸಗಳು ಆ ಪುಟಗಳಲ್ಲಿ ಜೀವಂತವಾಗಿವೆ.

ಶ್ರೀನಿವಾಸರು 1999ರಲ್ಲಿ ಬೆಂಗಳೂರಿನಲ್ಲಿ ಕಾಲವಾದರು. ಅವರ ನೋಟವು ಊರಿನ ಮೇಲುಕೇರಿಯಿಂದ ಹೊರಟುದೆಂಬ ಆಕ್ಷೇಪಣೆಯುಂಟು; ತಾವು ಊರನ್ನು ಹೆಚ್ಚಾಗಿ ಮೇಲುಜಾತಿಯವರ ನಡುವೆ ನಿಂತು ಕಂಡುದನ್ನು ಅವರೂ ಮರೆಮಾಚಲಿಲ್ಲ. ಹಾಗಿದ್ದರೂ ಒಂದು ಮಾತು ನಿಲ್ಲುವುದು. ಸಮಾಜವು ಬದಲಾಗುವುದು ಶಾಸನಸಭೆಗಳಲ್ಲಿ ಮಾತ್ರವಲ್ಲ. ಒಂದು ಲೋಟ ನೀರನ್ನು ನೀಡುವಲ್ಲಿ, ಸ್ವೀಕರಿಸುವಲ್ಲಿ, ನಿರಾಕರಿಸುವಲ್ಲಿ. ಆ ನೀರು ಯಾರ ಕೈಯದು, ನಿರಾಕರಿಸಿದವರು ಯಾರು ಎಂದು ತಾಳ್ಮೆಯಿಂದ ಬರೆದಿಟ್ಟವನೇ ಇತಿಹಾಸಕಾರನಾಗುವನು.