ಸ್ಕ್ಯಾಂಟ್

ಇಂಗ್ಲಿಷಿನ ‘ಸ್ಕರ್ಟ್’ ಮತ್ತು ‘ಪ್ಯಾಂಟ್’ ಪದಗಳ ತುಂಡುಗಳನ್ನು ಬೆಸೆದು ಕಟ್ಟಿದ ಈ ಪದವು, 1987ರಲ್ಲಿ ಅಮೆರಿಕದಲ್ಲಿ ಪ್ರಸಾರ ಆರಂಭಿಸಿದ ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್’ ಎಂಬ ವೈಜ್ಞಾನಿಕ ಕಥಾ ಧಾರಾವಾಹಿಯಲ್ಲಿ ಬಾಹ್ಯಾಕಾಶ ನೌಕೆಯ ಸಿಬ್ಬಂದಿಯ ಸ್ತ್ರೀಪುರುಷರಿಬ್ಬರೂ ತೊಡುವ, ಗಿಡ್ಡ ತೋಳಿನ, ಮೊಣಕಾಲಿಗಿಂತ ಮೇಲೆಯೇ ನಿಲ್ಲುವ ಇಡಿಯುಡುಪನ್ನು ಸೂಚಿಸುತ್ತದೆ. ಇದನ್ನು ರೂಪಿಸಿದ ವಸ್ತ್ರವಿನ್ಯಾಸಕ ವಿಲಿಯಂ ವೇರ್ ಥೀಸ್ ಅವರೇ 1966ರ ಮೂಲ ಸರಣಿಯಲ್ಲಿ ಪುರುಷರಿಗೆ ಷರಾಯಿಯನ್ನೂ ಸ್ತ್ರೀಯರಿಗೆ ತೀರ ಗಿಡ್ಡನೆಯ ಲಂಗದ ಉಡುಪನ್ನೂ ಕೊಟ್ಟಿದ್ದರು. ಲಿಂಗಭೇದವಿಲ್ಲದ ಸಮವಸ್ತ್ರವೆಂದರೆ ಎಲ್ಲರಿಗೂ ಗಂಡಸರ ಉಡುಪನ್ನೇ ತೊಡಿಸುವುದೆಂಬ ರೂಢಿ ಬಲವಾಗಿರುವಾಗ, ಸ್ತ್ರೀಯರಿಂದ ಲಂಗವನ್ನು ಕಸಿದುಕೊಳ್ಳದೆ ಪುರುಷರಿಗೂ ಅದನ್ನು ಹಂಚಿದ್ದು ಈ ವಿನ್ಯಾಸದ ನಿಜವಾದ ಧೈರ್ಯ. ಸಮಾನತೆಯ ಕಲ್ಪನೆಯನ್ನು ಮಾತಿನಲ್ಲಿ ಹೇಳದೆ ಹೊಲಿಗೆಯಲ್ಲೇ ತೋರಿಸಿದ ಇಂಥ ಪ್ರಯತ್ನಗಳು ದೂರದರ್ಶನ ಮಾಧ್ಯಮದಲ್ಲಿ ವಿರಳ. ಆದರೆ ಆ ಧೈರ್ಯ ಅರ್ಧಕ್ಕೇ ನಿಂತಿತು: ನೌಕೆಯ ಓಣಿಗಳಲ್ಲಿ ಹಾದುಹೋಗುವ ಹೆಸರಿಲ್ಲದ ಪುರುಷರು ಸ್ಕ್ಯಾಂಟ್ ತೊಟ್ಟರೇ ಹೊರತು, ನಾಯಕ ಪಿಕಾರ್ಡ್ ಆಗಲಿ ಅವನ ಸಹಾಯಕ ರೈಕರ್ ಆಗಲಿ ಕರ್ತವ್ಯದ ವೇಳೆ ಅದನ್ನು ತೊಡಲಿಲ್ಲ. ಆರಂಭದ ಕಂತುಗಳ ನಂತರ ಕ್ರಮೇಣ ಮರೆಯಾದ ಈ ಉಡುಪು, 1994ರ ಕೊನೆಯ ಕಂತಿನಲ್ಲಿ ಗತಕಾಲದ ದೃಶ್ಯಗಳಿಗಾಗಿ ಮರಳಿದಾಗ ಅದನ್ನು ತೊಟ್ಟದ್ದು ಡಿಯಾನಾ ಟ್ರಾಯ್ ಎಂಬ ಸ್ತ್ರೀಪಾತ್ರ.