ಪೂಂಡಿಯ ನೀರು ಮತ್ತು ಒಂದು ವರ್ಷದ ಮೇಯರ್

2019ರ ಜೂನ್. ನಾನು ಚೆನ್ನೈನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಪೀಜಿಯಲ್ಲಿ ಬೆಳಿಗ್ಗೆ ಒಬ್ಬೊಬ್ಬರಿಗೆ ಒಂದೊಂದು ಬಕೆಟ್ ನೀರು, ಅಷ್ಟೇ. ಟ್ಯಾಂಕರ್ ಬಂದರೆ ಹಬ್ಬ, ಬರದಿದ್ದರೆ ಡಿಯೋಡರೆಂಟೇ ಗತಿ! ಆ ದಿನಗಳಲ್ಲಿ ಪೇಪರ್ ತೆಗೆದರೆ ಸಾಕು, ಒಣಗಿ ಬಿರುಕುಬಿಟ್ಟ ಕೆರೆಗಳ ಫೋಟೋ. ಅದರಲ್ಲೊಂದು ಹೆಸರು ನನ್ನನ್ನು ಹಿಡಿದು ನಿಲ್ಲಿಸಿತು: ಪೂಂಡಿ ಜಲಾಶಯ, ಅಂದರೆ 'ಸತ್ಯಮೂರ್ತಿ ಸಾಗರ'. ಯಾರಪ್ಪಾ ಈ ಸತ್ಯಮೂರ್ತಿ ಅಂತ ಹುಡುಕಲು ಶುರುಮಾಡಿದವನು ಇವತ್ತಿಗೂ ಹುಡುಕುತ್ತಲೇ ಇದ್ದೇನೆ.

ಎಸ್. ಸತ್ಯಮೂರ್ತಿ ಹುಟ್ಟಿದ್ದು 1887ರಲ್ಲಿ, ಪುದುಕ್ಕೋಟೈ ಸಂಸ್ಥಾನದ ತಿರುಮಯಂನಲ್ಲಿ. ಓದಿದ್ದು ವಕೀಲಿಕೆ, ಮಾಡಿದ್ದು ರಾಜಕೀಯ. ಗಾಂಧೀಜಿಯ ಕಾಲದಲ್ಲಿ ಶಾಸನಸಭೆಗಳನ್ನು ಬಹಿಷ್ಕರಿಸಬೇಕೋ ಅಥವಾ ಒಳಗೆ ಹೋಗಿ ಜಗಳ ಆಡಬೇಕೋ ಅನ್ನೋ ದೊಡ್ಡ ಚರ್ಚೆ ಇತ್ತಲ್ಲ, ಇವರದ್ದು ಎರಡನೆಯ ಪಕ್ಷ. ಸ್ವರಾಜ್ಯ ಪಕ್ಷದ ಮುಂದಾಳು, ಬಲು ದೊಡ್ಡ ವಾಗ್ಮಿ. 1934ರಲ್ಲಿ ಕೇಂದ್ರ ಶಾಸನಸಭೆಗೆ ಮದರಾಸು ನಗರದಿಂದ ಗೆದ್ದರು. ಸೋತವರು ಯಾರು ಗೊತ್ತೇ? ಜಸ್ಟಿಸ್ ಪಕ್ಷದ ಎ. ರಾಮಸ್ವಾಮಿ ಮುದಲಿಯಾರ್. ಹೌದು, ಮುಂದೆ 1946ರಿಂದ 1949ರವರೆಗೆ ನಮ್ಮ ಮೈಸೂರಿನ ಕೊನೆಯ ದಿವಾನರಾಗಿದ್ದ ಅದೇ ಮುದಲಿಯಾರ್!

1937ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಕಾಂಗ್ರೆಸ್ ಗೆದ್ದು ರಾಜಾಜಿ ಪ್ರಧಾನಿಯಾದಾಗ ಸತ್ಯಮೂರ್ತಿ ಮಂತ್ರಿಮಂಡಲದಲ್ಲಿ ಇರಲಿಲ್ಲ. 1939ರಲ್ಲಿ ಅವರು ಮದರಾಸಿನ ಮೇಯರ್ ಆದರು. ಅವಧಿ ಒಂದೇ ಒಂದು ವರ್ಷ. ಎರಡನೇ ಮಹಾಯುದ್ಧ ಶುರುವಾಗಿತ್ತು. ಯುದ್ಧದ ವಿಷಯಕ್ಕೇ ಕಾಂಗ್ರೆಸ್ ಮಂತ್ರಿಮಂಡಲ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟು, ಪ್ರಾಂತ್ಯ ನೇರವಾಗಿ ಬ್ರಿಟಿಷ್ ಗವರ್ನರ್ ಕೈಗೆ ಹೋಗಿತ್ತು. ಅಂದರೆ ಯಾವ ಸರ್ಕಾರವನ್ನು ದಿನಾ ಬೈಯುತ್ತಿದ್ದರೋ ಅದರ ಹತ್ತಿರವೇ ನಗರದ ಕೆಲಸಕ್ಕೆ ಒಪ್ಪಿಗೆ ಕೇಳಬೇಕು!

ಕೆಲಸ ಯಾವುದು? ನೀರು. ಮದರಾಸಿಗೆ 1870ರ ದಶಕದಿಂದ ನೀರು ಬರುತ್ತಿದ್ದ ದಾರಿ ಹೀಗಿತ್ತು: ಕೊಸಸ್ತಲೈಯಾರ್ ನದಿಗೆ ತಾಮರೈಪಾಕ್ಕಂ ಹತ್ತಿರ ಒಂದು ಒಡ್ಡು, ಅಲ್ಲಿಂದ ತಿರುಗಿಸಿದ ನೀರು ಚೋಳಾವರಂ ಕೆರೆಗೆ, ಆಮೇಲೆ ರೆಡ್ ಹಿಲ್ಸ್ ಕೆರೆಗೆ, ಅಲ್ಲಿಂದ ಊರಿಗೆ. ಆದರೆ ಈಶಾನ್ಯ ಮುಂಗಾರು ಅಂದರೆ ಕೆಲವೇ ದಿನಗಳ ಆಟ. ಪ್ರವಾಹ ಬಂದಾಗ ಒಡ್ಡು ದಾಟಿದ ನೀರೆಲ್ಲ ಎಣ್ಣೂರಿನ ಹತ್ತಿರ ಸಮುದ್ರಕ್ಕೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಬಫರ್ ಇಲ್ಲ, ಡೇಟಾ ಎಲ್ಲ ಡ್ರಾಪ್ :-) ಇತ್ತ ಊರಿನ ಜನಸಂಖ್ಯೆ 1931ರಲ್ಲಿ ಸುಮಾರು 6.5 ಲಕ್ಷ ಇದ್ದದ್ದು 1941ರ ಹೊತ್ತಿಗೆ 7.7 ಲಕ್ಷ ದಾಟಿತ್ತು.

ಪರಿಹಾರ, ನದಿಯ ಮೇಲ್ಭಾಗದಲ್ಲಿ ಪೂಂಡಿಯ ಹತ್ತಿರ ಅಣೆಕಟ್ಟು ಕಟ್ಟಿ ಪ್ರವಾಹವನ್ನು ಹಿಡಿದಿಟ್ಟುಕೊಳ್ಳುವುದು. ಸತ್ಯಮೂರ್ತಿ ಬೆನ್ನುಬಿಡದೆ ಒಪ್ಪಿಗೆ ತಂದರು. 1940ರಲ್ಲಿ ಕೆಲಸ ಶುರುವಾಯಿತು, ಅದೂ ಯುದ್ಧಕಾಲದಲ್ಲಿ. 1944ರಲ್ಲಿ ಜಲಾಶಯ ಮುಗಿಯಿತು.

ಆದರೆ ಅದನ್ನು ನೋಡಲು ಅವರೇ ಇರಲಿಲ್ಲ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಹೊತ್ತಿಗೆ ಬಂಧಿಸಿ ದೂರದ ಅಮರಾವತಿ ಜೈಲಿಗೆ ಕಳಿಸಿದರು. ಆ ಬಂಧನದ ಕಾಲದಲ್ಲಿ ಬೆನ್ನುಮೂಳೆಗೆ ಪೆಟ್ಟಾಯಿತು, ಮತ್ತೆ ಚೇತರಿಸಿಕೊಳ್ಳಲಿಲ್ಲ. 1943ರ ಮಾರ್ಚ್ 28ರಂದು ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಣೆಕಟ್ಟಿಗೆ ಒಪ್ಪಿಗೆ ಕೊಟ್ಟದ್ದೂ ಅದೇ ಸರ್ಕಾರ, ಜೈಲಿಗೆ ಹಾಕಿದ್ದೂ ಅದೇ ಸರ್ಕಾರ.

ಹಾಗಂತ ಅವರನ್ನು ದೇವರು ಮಾಡುವ ಆಸೆ ನನಗಿಲ್ಲ. ಡಾ. ಮುತ್ತುಲಕ್ಷ್ಮಿ ರೆಡ್ಡಿ ದೇವದಾಸಿ ಪದ್ಧತಿಯನ್ನು ನಿಲ್ಲಿಸಲು ಹೊರಟಾಗ ವಿರೋಧಿಸಿದವರಲ್ಲಿ ಇವರೂ ಒಬ್ಬರು. ಅದನ್ನು ಓದಿದ ದಿನ ನಿಜಕ್ಕೂ ಬೇಜಾರಾಯಿತು. ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟ ಮನುಷ್ಯನಿಗೆ ಆ ಹೆಣ್ಣುಮಕ್ಕಳ ಸ್ವಾತಂತ್ರ್ಯ ಯಾಕೆ ಕಾಣಲಿಲ್ಲ? ಉತ್ತರ ನನ್ನಲ್ಲಿಲ್ಲ. ನೀರನ್ನು ನೆನೆಯುವಾಗ ಇದನ್ನೂ ಮರೆಯಬಾರದು, ಅಷ್ಟೇ.

ಪೂಂಡಿಗೆ ನಮ್ಮ ನಂಟೂ ಇದೆ. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ ಮೂರೂ ರಾಜ್ಯಗಳು ಕೃಷ್ಣೆಯಲ್ಲಿ ತಮ್ಮ ಪಾಲಿನಿಂದ ತಲಾ 5 ಟಿಎಂಸಿ ನೀರನ್ನು ಮದರಾಸಿನ ಕುಡಿಯುವ ನೀರಿಗೆ ಬಿಟ್ಟುಕೊಡಲು 1976ರಲ್ಲಿ ಒಪ್ಪಿದವು. ತೆಲುಗು ಗಂಗಾ ಕಾಲುವೆಯಲ್ಲಿ 1996ರಲ್ಲಿ ಆ ನೀರು ಮೊದಲ ಸಲ ಬಂದು ಸೇರಿದ್ದು ಇದೇ ಪೂಂಡಿಗೆ. ಕಾವೇರಿ ಅಂದ ಕೂಡಲೇ ಎರಡೂ ಕಡೆ ಬಸ್ ನಿಲ್ಲಿಸುವ ನಾವು, ಇದನ್ನು ಮಾತ್ರ ಯಾರಿಗೂ ಹೇಳುವುದೇ ಇಲ್ಲ!

ಬೆಂಗಳೂರಿನಲ್ಲೂ ಬಿಬಿಎಂಪಿ ಇದ್ದಾಗ ಮೇಯರ್ ಅವಧಿ ಒಂದೇ ವರ್ಷ. ಒಂದು ವರ್ಷದಲ್ಲಿ ಏನು ಮಾಡೋಕಾಗುತ್ತೆ ಅಂತ ನಾವೆಲ್ಲ ಕೇಳುತ್ತಿದ್ದೆವು. ನಾನಂತೂ ಆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. 2019ರ ಆ ಒಂದು ಬಕೆಟ್ ನೀರಿನಲ್ಲಿ ಪೂಂಡಿಯ ಹನಿ ಇತ್ತೋ ಇಲ್ಲವೋ. ಆದರೆ ತಾನು ಕುಡಿಯಲಾಗದ ನೀರಿಗಾಗಿ ಒಬ್ಬ ಮೇಯರ್ ಜಗಳ ಆಡಿದ್ದ ಅನ್ನುವುದು ಮಾತ್ರ ಪ್ರತಿ ಸಲ ನಲ್ಲಿ ತಿರುಗಿಸುವಾಗ ನೆನಪಾಗುತ್ತೆ.

ನಿಮ್ಮೂರಿನ ನೀರಿನ ಹಿಂದೆ ಯಾರಿದ್ದಾರೆ? ಗೊತ್ತಿದ್ದರೆ ಬರೆಯಿರಿ, ಓದೋಣ...